ಟ್ಯೂಬ್ ಮೇಲೆ ಟ್ಯೂಬ್ ಹಾಕಿದರೂ ಬಗ್ಗದ ಕೆಚ್ಚಲು ಬಾವು



ಹೋದ ಮಳೆಗಾಲದಲ್ಲಿ ಗುತ್ತಲಿನ ಉತ್ಪಾದಕಿಯೊಬ್ಬರು ಡೇರಿಗೆ ಬೆಳಗಿನ ಹಾಲು ಹಾಕಿ ಮನೆಗೆ ಹೋದವರೇ ನನಗೆ ಫೋನ್ ಮಾಡಿದರು. “ಡಾಕ್ಟ್ರೇ, ನಾಕನೇ ಟ್ಯೂಬೂ ಮುಗೀತು. ಹಾಲು ಹಂಗೇ ನೀರ್ ನೀರಾಗಿ ಬತ್ತಾ ಅದೆ. ಇನ್ನೊಂದು ಬಲವಾದ್ದು ಬರ್ಕೊಡಿ.”

ಎರಡನೇ ಸೂಲಿನ ಎಚ್‌ಎಫ್ ಮಿಶ್ರತಳಿ ಹಸು. ಕರು ಹಾಕಿ ಎರಡು ತಿಂಗಳಾಗಿತ್ತು. ಬಲಗಡೆಯ ಹಿಂದಿನ ಮೊಲೆಯ ಭಾಗ ಕಲ್ಲಿನಂತೆ ಗಟ್ಟಿಯಾಗಿತ್ತು, ಮೈ ಬಿಸಿ ಇತ್ತು. ಆದರೂ ಹಸು ಮೇವು ಬಿಟ್ಟಿರಲಿಲ್ಲ. ಮೊದಲ ಎರಡು ಟ್ಯೂಬ್ ಅವರೇ ಮೆಡಿಕಲ್ ಶಾಪಿನಿಂದ ತಂದು ಹಾಕಿದ್ದರು, ಆಮೇಲಿನ ಎರಡು ನಾನೇ ಬರೆದುಕೊಟ್ಟದ್ದು. ಹಾಲಿನ ಮಾದರಿ ತೆಗೆಯದೆ ಬರೆದುಕೊಟ್ಟೆ, ಅದು ನನ್ನ ತಪ್ಪು. ಐದನೆಯದನ್ನು ಬರೆಯುವ ಬದಲು ಅವತ್ತು ಮಾದರಿ ತೆಗೆದು ಕಳಿಸಿದೆ. ಮೂರು ದಿನ ಬಿಟ್ಟು ಉತ್ತರ ಬಂತು: ಬ್ಯಾಕ್ಟೀರಿಯಾ ಬೆಳೆದಿಲ್ಲ, ಯೀಸ್ಟ್ ಬೆಳೆದಿದೆ.

ಯೀಸ್ಟ್ ಎಂದರೆ ಶಿಲೀಂಧ್ರದ ಜಾತಿ. ಹೆಂಡ ಹುದುಗಿಸುವುದು, ಬೇಕರಿಯ ಬ್ರೆಡ್ಡು ಉಬ್ಬಿಸುವುದು ಇದೇ ಬಳಗ. ಹಳಸಿದ ರೊಟ್ಟಿಯ ಮೇಲಿನ ಬೂಷ್ಟು ಇದರ ದಾಯಾದಿ. ಕೆಚ್ಚಲಿನಲ್ಲಿ ಹೆಚ್ಚಾಗಿ ಸಿಗುವ ಯೀಸ್ಟಿನ ಹೆಸರು ಕ್ಯಾಂಡಿಡಾ. ಇದು ಹಸುವಿನ ಚರ್ಮ, ಸಗಣಿ, ಒದ್ದೆ ಹುಲ್ಲು, ನಮ್ಮ ಕೈ, ಎಲ್ಲ ಕಡೆಯೂ ಇರುತ್ತದೆ. ಸುಮ್ಮನೆ ಇದ್ದರೆ ತೊಂದರೆ ಇಲ್ಲ, ಮೊಲೆಯ ತೂತಿನೊಳಗೆ ಹೋದರೆ ತೊಂದರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕೆಚ್ಚಲು ಬಾವಿನ ಬಹುಪಾಲು ಬ್ಯಾಕ್ಟೀರಿಯಾದಿಂದಲೇ ಬರುವುದು. ಶಿಲೀಂಧ್ರದ ಪಾಲು ಚಿಕ್ಕದು. ಇದನ್ನು ಓದಿ ಯಾರೂ ಮೊದಲ ದಿನವೇ “ನಮ್ಮ ಹಸುವಿಗೂ ಬೂಷ್ಟೇ” ಎಂದು ಚಿಕಿತ್ಸೆ ತಪ್ಪಿಸಬಾರದು. ಎರಡು ಸುತ್ತು ಟ್ಯೂಬ್ ಹಾಕಿಯೂ ಬಾವು ಇಳಿಯದಿದ್ದರೆ, ಅಥವಾ ಹಾಕಿದ ಮೇಲೆ ಇನ್ನೂ ಹೆಚ್ಚಾದರೆ, ಆಗ ಶಿಲೀಂಧ್ರವನ್ನು ನೆನೆಯಬೇಕು.

ಅದು ಒಳಗೆ ಹೋಗುವುದು ಹೇಗೆ? ಹೇಳಲು ಸಂಕೋಚ, ಆದರೆ ಎಷ್ಟೋ ಸಲ ಔಷಧಿ ಹಾಕುವ ನಾವೇ ಒಳಗೆ ತಳ್ಳುತ್ತೇವೆ. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸದೆ ಟ್ಯೂಬ್ ಹಾಕುವುದು, ನಳಿಕೆಯನ್ನು ಬುಡದವರೆಗೂ ತೂರಿಸುವುದು, ಒಂದೇ ಬಾಟಲಿಯಿಂದ ಸಿರಿಂಜಿನಲ್ಲಿ ಹಲವು ಸಲ ಎಳೆದು ಹಾಕುವುದು, ಹಾಲು ಇಳಿಯಲೆಂದು ಗರಿಕೆ ಕಡ್ಡಿ ತೂರಿಸುವುದು. ಒಳಗೆ ಹೋದ ಮೇಲೆ ಆಂಟಿಬಯೋಟಿಕ್ ಅದಕ್ಕೆ ಏನೂ ಮಾಡದು. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಬ್ಯಾಕ್ಟೀರಿಯಾ ಸತ್ತು ಜಾಗ ಖಾಲಿಯಾದರೆ ಯೀಸ್ಟಿಗೆ ಹೊಲ ಉತ್ತು ಕೊಟ್ಟಂತೆ. ಕೆಲವು ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಕೂಡ ಬೆರೆತಿರುತ್ತದೆ. ಅದರಿಂದ ಬಾವು ಇಳಿದಂತೆ ಕಾಣುತ್ತದೆ, ಜೊತೆಗೆ ರೋಗದ ವಿರುದ್ಧ ಹೋರಾಡುವ ಹಸುವಿನ ಸ್ವಂತ ಶಕ್ತಿಯೂ ತಗ್ಗುತ್ತದೆ.

ಹಾಗಾದರೆ ಶಿಲೀಂಧ್ರಕ್ಕೇ ಇರುವ ಔಷಧಿ ಹಾಕಿದರೆ ಆಯಿತಲ್ಲ, ಎಂದು ಆ ಅಕ್ಕ ಕೇಳಿದರು. ಅಷ್ಟು ಸುಲಭವಲ್ಲ ಎಂದು ಹೇಳಲು ಅವರ ಕೊಟ್ಟಿಗೆಯ ಕಲಗಚ್ಚಿನ ಬಾನಿಯನ್ನೇ ತೋರಿಸಿದೆ. ನಾಲ್ಕು ದಿನ ತೊಳೆಯದಿದ್ದರೆ ಬಾನಿಯ ಒಳಗೋಡೆಗೆ ಲೋಳೆ ಹಿಡಿಯುತ್ತದಲ್ಲ, ಅದರ ಮೇಲೆ ಒಂದು ಕೊಡ ನೀರು ಸುರಿದರೆ ನೀರು ಜಾರಿ ಹೋಗುತ್ತದೆ, ಲೋಳೆ ಅಲ್ಲೇ ಇರುತ್ತದೆ. ಸೋಪಿನ ನೀರು ಹಾಕಿದರೂ ಮೇಲ್ಮೇಲೆ ಹೋಗುತ್ತದೆ. ತೆಂಗಿನ ನಾರು ಹಿಡಿದು ಉಜ್ಜಬೇಕು, ಆಮೇಲೆ ಸೋಪು, ಆಮೇಲೆ ಬಿಸಿನೀರು, ಆಮೇಲೆ ಬಿಸಿಲು. ಈ ಲೋಳೆಗೆ ವಿಜ್ಞಾನದಲ್ಲಿ ಬಯೋಫಿಲ್ಮ್ ಎನ್ನುತ್ತಾರೆ. ಸೂಕ್ಷ್ಮಜೀವಿಗಳು ಒಂಟಿಯಾಗಿ ತೇಲುವುದನ್ನು ಬಿಟ್ಟು, ಒಂದು ಮೇಲ್ಮೈಗೆ ಅಂಟಿ, ತಮ್ಮ ಸುತ್ತ ತಾವೇ ಅಂಟು ಸುರಿಸಿಕೊಂಡು ಕಟ್ಟಿಕೊಳ್ಳುವ ಊರು ಅದು. ಕ್ಯಾಂಡಿಡಾ ಇಂಥ ಊರು ಕಟ್ಟುವುದರಲ್ಲಿ ಬಲು ಜಾಣ.

ಈ ಊರಿನೊಳಗೆ ಔಷಧಿ ಸೋಲುವುದಕ್ಕೆ ಕಾರಣ ಒಂದಲ್ಲ. ಸುತ್ತಲಿನ ಅಂಟು ಔಷಧಿಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಜೀವಕಣಗಳಿಗೆ ತಲುಪುವುದು ಅಷ್ಟಿಷ್ಟೇ. ತಲುಪಿದ್ದನ್ನೂ ಆ ಕಣಗಳು ಪಂಪ್‌ಸೆಟ್ಟು ನೀರೆತ್ತಿದಂತೆ ಹೊರಗೆ ಎತ್ತಿ ಹಾಕುತ್ತವೆ. ಇನ್ನು ತಳದಲ್ಲಿ ಕೆಲವು ಕಣಗಳು ಬೆಳೆಯದೆ, ಹೆಚ್ಚದೆ, ಸುಮ್ಮನೆ ಮಲಗಿರುತ್ತವೆ. ಬೆಳೆಯುವುದನ್ನು ತಡೆದು ಕೆಲಸ ಮಾಡುವ ಔಷಧಿಗೆ ಬೆಳೆಯದೇ ಇರುವುದರ ಮೇಲೆ ಹಿಡಿತ ಸಿಗದು. ಔಷಧಿ ನಿಲ್ಲಿಸಿದ ಮೇಲೆ ಅವು ಏಳುತ್ತವೆ. “ವಾಸಿ ಆಗಿತ್ತು ಡಾಕ್ಟ್ರೇ, ಮತ್ತೆ ಬಂತು” ಎಂಬ ಮಾತಿನ ಹಿಂದೆ ಎಷ್ಟೋ ಸಲ ಇದೇ ಕತೆ. ಬ್ಯಾಕ್ಟೀರಿಯಾದಲ್ಲೂ ಸ್ಟಫೈಲೊಕಾಕಸ್ ಎಂಬುದು ಕೆಚ್ಚಲಿನಲ್ಲಿ ಹೀಗೇ ಲೋಳೆ ಕಟ್ಟುತ್ತದೆ.

ಮನುಷ್ಯರ ವೈದ್ಯದಲ್ಲೂ ಇದು ದೊಡ್ಡ ತಲೆನೋವು. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರಲ್ಲಿರುವುದು 19 ಶಿಲೀಂಧ್ರ, ಅತಿ ಗಂಭೀರ ಎಂಬ ಮೊದಲ ಗುಂಪಿನಲ್ಲೇ ಎರಡು ಕ್ಯಾಂಡಿಡಾಗಳಿವೆ. ಶಿಲೀಂಧ್ರಕ್ಕೆ ಇರುವ ಔಷಧಿಗಳ ಗುಂಪುಗಳೇ ಕೆಲವೇ ಕೆಲವು. ಅದರಲ್ಲೂ ಅಜೋಲ್ ಎಂಬ ಗುಂಪಿನವನ್ನು ನಾವು ಭತ್ತದ ರೋಗಕ್ಕೂ ಸಿಂಪಡಿಸುತ್ತೇವೆ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಎಂಬ ಹೆಸರು ನಿಮ್ಮ ಮನೆಯ ಅಟ್ಟದ ಮೇಲಿನ ಡಬ್ಬಿಯಲ್ಲೇ ಇರಬಹುದು. (ಆ ಡಬ್ಬಿ ಹಾಲಿನ ಕ್ಯಾನಿನ ಹತ್ತಿರ ಇಡಬೇಡಿ ಎಂದು ಬೇರೆ ಹೇಳಬೇಕಿಲ್ಲ.)

ಒಂದು ಔಷಧಿ ಸೋತಲ್ಲಿ ಎರಡು ಮೂರನ್ನು ಜೋಡಿಸಿ ಕೊಡುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿರುವುದು ಇದಕ್ಕೇ. ಒಂದು ಅಂಟನ್ನು ಸಡಿಲಿಸಲಿ, ಇನ್ನೊಂದು ಒಳಗೆ ನುಗ್ಗಿ ಕೊಲ್ಲಲಿ ಎಂಬುದು ಲೆಕ್ಕ. ಬಾನಿಯ ನಾರು, ಸೋಪು ಇದ್ದಂತೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದಿಂದ ಮನುಷ್ಯರಿಗೆ ಬರುವ ಮಿದುಳು ಪೊರೆಯ ಜ್ವರದಲ್ಲಿ ಆಂಫೊಟೆರಿಸಿನ್ ಜೊತೆ ಫ್ಲೂಸೈಟೊಸಿನ್ ಸೇರಿಸಿ ಕೊಟ್ಟಾಗ, ಒಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚು ಜನ ಬದುಕಿದರು. ಇದು ಆಸ್ಪತ್ರೆಗಳಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ ವಿಷಯ. ಆದರೆ ಜೋಡಿಸಿದ್ದೆಲ್ಲ ಬಲ ಕೊಡುವುದಿಲ್ಲ. ಆಂಫೊಟೆರಿಸಿನ್ ಕೆಲಸ ಮಾಡುವುದು ಶಿಲೀಂಧ್ರದ ಹೊರಪೊರೆಯ ಒಂದು ಕೊಬ್ಬಿನಂಥ ವಸ್ತುವನ್ನು ಹಿಡಿದುಕೊಂಡು. ಅಜೋಲ್ ಔಷಧಿ ಆ ವಸ್ತು ತಯಾರಾಗುವುದನ್ನೇ ನಿಲ್ಲಿಸುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ, ಹಗ್ಗ ಕೈಯಲ್ಲಿದ್ದೂ ಕಟ್ಟಲು ಗೂಟವಿಲ್ಲದ ಹಾಗೆ ಆಗಬಹುದು. ಒಂದು ಇನ್ನೊಂದರ ಕಾಲೆಳೆದದ್ದು ಪ್ರಯೋಗಶಾಲೆಗಳಲ್ಲಿ ಕಂಡಿದೆ. ಆದ್ದರಿಂದ “ಎರಡು ಕಂಪನಿಯ ಟ್ಯೂಬ್ ಬೆರೆಸಿ ಹಾಕಿದರೆ ಬೇಗ ಇಳಿಯುತ್ತೆ” ಎಂಬ ಪಕ್ಕದ ಮನೆಯ ಸಲಹೆಯನ್ನು ದಯವಿಟ್ಟು ಪಕ್ಕದ ಮನೆಯಲ್ಲೇ ಬಿಡಿ.

ಅರಿಶಿನದ ವಿಷಯ ನೀವು ಕೇಳಿಯೇ ಕೇಳುತ್ತೀರಿ. ಅರಿಶಿನದ ಸಾರವಾದ ಕರ್ಕ್ಯುಮಿನ್ ಅಜೋಲ್ ಔಷಧಿಯ ಜೊತೆ ಸೇರಿದಾಗ ಕ್ಯಾಂಡಿಡಾದ ಮೇಲೆ ಹೆಚ್ಚು ಕೆಲಸ ಮಾಡಿದ್ದು ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕಂಡಿದೆ. ಗಾಜಿನ ತಟ್ಟೆ ಬೇರೆ, ಕೆಚ್ಚಲು ಬೇರೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಲೋಳೆಸರ, ಅರಿಶಿನ, ಸುಣ್ಣದ ಲೇಪ ನಿಮ್ಮಲ್ಲಿ ಹಲವರಿಗೆ ಗೊತ್ತು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಅರೆದು, ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಕಲಸಿ ದಿನಕ್ಕೆ ಹಲವು ಸಲ ಕೆಚ್ಚಲಿಗೆ ಹಚ್ಚುವುದು. ಬಾವಿಗೆ ಹೊರಗಿನಿಂದ ಹಚ್ಚಲು ನಾನೂ ಹೇಳುತ್ತೇನೆ. ಆದರೆ ಅದು ಹೊರಗೇ ಇರಬೇಕು. ಅರಿಶಿನ ನೀರು, ಎಣ್ಣೆ, ಮಜ್ಜಿಗೆ, ಯಾವುದನ್ನೂ ಸಿರಿಂಜಿನಲ್ಲಿ ತೊಟ್ಟಿನೊಳಗೆ ಬಿಡಬೇಡಿ.

ಈಗ ಗುತ್ತಲಿನ ಹಸುವಿಗೆ ಬರೋಣ. ಅಲ್ಲಿ ನಾವು ಮಾಡಿದ್ದೂ ಒಂದು ಜೋಡಿ ಚಿಕಿತ್ಸೆಯೇ, ಆದರೆ ಅದರ ಮುಖ್ಯ ಭಾಗ ಬಾಟಲಿಯಲ್ಲಿ ಇರಲಿಲ್ಲ. ಮೊದಲು ಆಂಟಿಬಯೋಟಿಕ್ ಪೂರಾ ನಿಲ್ಲಿಸಿದೆವು. ಎಷ್ಟೋ ಹಸುಗಳಲ್ಲಿ ಅಷ್ಟು ಮಾಡಿ, ಹಾಲನ್ನು ಪದೇ ಪದೇ ಹಿಂಡಿ ತೆಗೆದರೆ ಕೆಲವು ವಾರಗಳಲ್ಲಿ ಯೀಸ್ಟ್ ತಾನಾಗಿ ಹೋಗುತ್ತದೆ. ಆ ಅಕ್ಕ ಮತ್ತು ಅವರ ಸೊಸೆ ಸರದಿಯಲ್ಲಿ ಹಗಲಿಡೀ ಎರಡು ಮೂರು ಗಂಟೆಗೊಮ್ಮೆ ಆ ಮೊಲೆಯನ್ನು ಖಾಲಿ ಮಾಡಿದರು. ಕೈಯಿಂದ ಹಿಂಡುವುದು ಇಲ್ಲಿ ಬಾನಿ ಉಜ್ಜುವ ತೆಂಗಿನ ನಾರು. ಸಡಿಲವಾದ ಗಸಿ, ಸತ್ತ ಕಣ, ಯೀಸ್ಟ್ ಎಲ್ಲ ಹೊರಬರುವುದು ಅದರಿಂದ. ನೋವಿರುವ ಹಸು ಹಿಂಡಲು ಬಿಡುವುದಿಲ್ಲ, ಹಾಗಾಗಿ ನೋವು ಬಾವು ಇಳಿಸುವ ಇಂಜೆಕ್ಷನ್ ಕೊಟ್ಟೆ. ಶಿಲೀಂಧ್ರದ ಔಷಧಿಯನ್ನು ನಾನು ತಕ್ಷಣ ಹಾಕಲಿಲ್ಲ. ಕೆಚ್ಚಲಿಗೆ ಅವುಗಳ ಫಲಿತಾಂಶ ಒಂದೇ ಸಮ ಇಲ್ಲ, ಹಾಲಿನಲ್ಲಿ ಉಳಿಯುವ ಭಯವೂ ಇದೆ. ಎರಡು ವಾರ ಕಾದು ಮತ್ತೆ ಮಾದರಿ ನೋಡಿ ಆಮೇಲೆ ತೀರ್ಮಾನಿಸೋಣ ಎಂದೆ. ಬೇರೆ ಡಾಕ್ಟರು ಮೊದಲೇ ಹಾಕಿಯಾರು, ಅದೂ ತಪ್ಪಲ್ಲ. ಪ್ರಯೋಗಶಾಲೆಯ ಉತ್ತರ ಕೈಯಲ್ಲಿದ್ದರೆ ಸಾಕು.

ಹಾಲಿನ ವಿಷಯದಲ್ಲಿ ಆ ಮನೆಯವರಿಗೆ ಬಹಳ ಕಷ್ಟವಾಯಿತು. ರೋಗದ ಮೊಲೆಯ ಹಾಲು ಡೇರಿಗೂ ಇಲ್ಲ, ಮನೆಗೂ ಇಲ್ಲ, ಕರುವಿಗೂ ಇಲ್ಲ. ಆಂಟಿಬಯೋಟಿಕ್ ಹಾಕಿದ್ದರಿಂದ, ಟ್ಯೂಬಿನ ಡಬ್ಬಿಯ ಮೇಲೆ ಬರೆದಷ್ಟು ಅವಧಿ ಮುಗಿಯುವವರೆಗೆ ಉಳಿದ ಮೂರು ಮೊಲೆಯ ಹಾಲೂ ಇಲ್ಲ. “ಚೆನ್ನಾಗಿರೋ ಹಾಲನ್ನೂ ಚೆಲ್ಲೋದಾ?” ಎಂದು ಅವರ ಅತ್ತೆ ನನ್ನ ಮೇಲೆ ರೇಗಿದರು. ಆ ಹಾಲಿಗೆ ಹೆಪ್ಪು ಹಾಕಿ ನೋಡಿ ಅಜ್ಜಿ ಎಂದೆ. ಹೆಪ್ಪಾಗಲಿಲ್ಲ. ಆಂಟಿಬಯೋಟಿಕ್ ಇರುವ ಹಾಲಿನಲ್ಲಿ ಮೊಸರು ಮಾಡುವ ಬ್ಯಾಕ್ಟೀರಿಯಾವೂ ಬದುಕುವುದಿಲ್ಲ. ಹಾಗೆಂದು ಮೊಸರಾದರೆ ಔಷಧಿ ಇಲ್ಲವೆಂದು ತಿಳಿಯಬೇಡಿ, ಅವಧಿ ಎಣಿಸುವುದೇ ಸರಿ. ಹಿಂಡಿದ ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಬಿಡದೆ ಡಬ್ಬದಲ್ಲಿ ಹಿಡಿದು, ಬ್ಲೀಚಿಂಗ್ ಪುಡಿ ಬೆರೆಸಿ ದೂರ ಗುಂಡಿಗೆ ಹಾಕಿದರು. ರೋಗದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆದು, ಸೋಪಿನಲ್ಲಿ ಕೈ ತೊಳೆದರು.

ಮಾದರಿ ತೆಗೆಯುವುದನ್ನು ನೀವು ಕಲಿತಿದ್ದರೆ ನನ್ನಂಥವರ ಅರ್ಧ ಕೆಲಸ ಮುಗಿದಂತೆ. ಮೊದಲ ಟ್ಯೂಬ್ ಹಾಕುವ ಮೊದಲೇ ತೆಗೆಯಬೇಕು. ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ, ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಹತ್ತಿ ಬೆಳ್ಳಗೆ ಉಳಿಯುವವರೆಗೆ ಉಜ್ಜಿ. ಮೊದಲ ಮೂರು ನಾಲ್ಕು ಧಾರೆ ಬಿಟ್ಟು, ಬಾಟಲಿಯನ್ನು ಓರೆಯಾಗಿ ಹಿಡಿದು ಎರಡು ಚಮಚದಷ್ಟು ಹಿಡಿಯಿರಿ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ಬಾಟಲಿ ಪಶುವೈದ್ಯರಲ್ಲಿ ಸಿಗುತ್ತದೆ, ಮನೆಯ ಟಾನಿಕ್ ಬಾಟಲಿ ಬೇಡ. ಐಸ್ ಇಟ್ಟು ಅದೇ ದಿನ ತಲುಪಿಸಿ, “ಶಿಲೀಂಧ್ರಕ್ಕೂ ನೋಡಿ” ಎಂದು ಚೀಟಿಯಲ್ಲಿ ಬರೆಸಿ. ಬರೆಯದಿದ್ದರೆ ಬ್ಯಾಕ್ಟೀರಿಯಾ ಮಾತ್ರ ನೋಡಿ ಬಿಡಬಹುದು. ಸಿಎಂಟಿ ದ್ರಾವಣದಲ್ಲಿ ಹಾಲು ಗಟ್ಟಿಯಾದರೆ ಬಾವು ಇದೆ ಎಂದಷ್ಟೇ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ.

ಟ್ಯೂಬ್ ಹಾಕಲೇಬೇಕಾದರೆ ಅದೇ ರೀತಿ ಉಜ್ಜಿದ ಮೇಲೆ, ನಳಿಕೆಯ ತುದಿ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಒಳಗೆ ಹೋಗಲಿ. ಒಂದು ಮೊಲೆಗೆ ಒಂದು ಟ್ಯೂಬ್, ಉಳಿದರ್ಧ ನಾಳೆಗೆ ಎಂದು ಇಡುವುದು ಬೇಡ. ಹಾಲು ಕರೆದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ತೊಟ್ಟಿನ ತೂತು ಮುಚ್ಚಿಕೊಳ್ಳುವ ತನಕ ಅರ್ಧ ಗಂಟೆ ಹಸು ನಿಂತಿರುವಂತೆ ಮುಂದೆ ಮೇವು ಹಾಕಿ. ಬೂಷ್ಟು ಹಿಡಿದ ಭತ್ತದ ಹುಲ್ಲು ತಿನ್ನಲೂ ಬೇಡ, ಕೆಳಗೆ ಹಾಸಲೂ ಬೇಡ.

ಗುತ್ತಲಿನ ಹಸುವಿನ ಹಾಲು ಮೂರನೇ ವಾರಕ್ಕೆ ಬೆಳ್ಳಗಾಯಿತು. ಎರಡನೇ ಮಾದರಿಯಲ್ಲಿ ಯೀಸ್ಟ್ ಬೆಳೆಯಲಿಲ್ಲ. ಆ ಮೊಲೆ ಮಾತ್ರ ಮೊದಲಿನಷ್ಟು ಕೊಡಲಿಲ್ಲ, ಒಳಗಿನ ಗಂಟು ಈಗಲೂ ಕೈಗೆ ಸಿಗುತ್ತದೆ. ಎರಡನೇ ಟ್ಯೂಬಿಗೇ ನಿಲ್ಲಿಸಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಎಂದು ನನಗೆ ಇದೆ. ಹಸು ಈಗ ಐದು ತಿಂಗಳ ಗಬ್ಬ. ಹಾಲು ಬತ್ತಿಸುವ ಮುಂಚೆ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಬಾಟಲಿಯಲ್ಲಿ ಹಿಡಿದು ಕಳಿಸೋಣ, ಬತ್ತಿಸುವಾಗಿನ ಟ್ಯೂಬ್ ಬೇಕೋ ಬೇಡವೋ ಆಮೇಲೆ ನೋಡೋಣ ಎಂದು ಮಾತಾಡಿಕೊಂಡಿದ್ದೇವೆ. ಬಾಟಲಿಗಳನ್ನು ಅವರು ಈಗಲೇ ಕೇಳಿ ಇಸಿದುಕೊಂಡಿದ್ದಾರೆ.