ಎಚ್. ಎಂ. ಮರುಳಸಿದ್ಧಯ್ಯ: ಸಮಾಜಕಾರ್ಯ ಶಿಕ್ಷಣ ಮತ್ತು ಸಂಶೋಧನಾ ಪ್ರಭಾವ

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿ ಕಡೆಯ ಪರೀಕ್ಷಾ ಅಭ್ಯರ್ಥಿಗಳಿಗೆ ಈ ಹೆಸರು ದೂರದ್ದಲ್ಲ. ಮರುಳಸಿದ್ಧಯ್ಯನವರು 1931ರಲ್ಲಿ ಹುಟ್ಟಿದ್ದು ಪಕ್ಕದ ಕೂಡ್ಲಿಗಿ ತಾಲ್ಲೂಕಿನ ಹಿರೇಕುಂಬಳಗುಂಟೆಯಲ್ಲಿ. ಆಗ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಈ ಬದಲಾವಣೆಯನ್ನು ಪ್ರಶ್ನೆಪತ್ರಿಕೆಯಲ್ಲಿ ಕೇಳಬಹುದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಪ್ರಾಧ್ಯಾಪಕರಾಗಿದ್ದ ಅವರು 2018ರಲ್ಲಿ ನಿಧನರಾದರು.

ನೆನಪಿಡಬೇಕಾದ ಕೃತಿ ‘ಓಲ್ಡ್ ಪೀಪಲ್ ಆಫ್ ಮಾಕುಂಟಿ’ (1969). ಒಂದು ಹಳ್ಳಿಯ ವೃದ್ಧರ ಬದುಕಿನ ಅಧ್ಯಯನವಿದು. ಹಿರಿಯರ ರಾಷ್ಟ್ರೀಯ ನೀತಿ ಬಂದದ್ದು 1999ರಲ್ಲಿ, ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರಲ್ಲಿ. ಆ ನೀತಿಗೂ ಮೂರು ದಶಕ ಮೊದಲೇ ವೃದ್ಧಾಪ್ಯವನ್ನು ಸಂಶೋಧನೆಯ ವಿಷಯವಾಗಿಸಿದ್ದು ಅವರ ದೊಡ್ಡ ಕೊಡುಗೆ ಎಂದೇ ನನ್ನ ಭಾವನೆ.

ಇಂಥ ಸಂಶೋಧನೆಯ ಪ್ರಭಾವ ಅಳೆಯಲು ಈಗ ಎಚ್-ಸೂಚ್ಯಂಕ ಬಳಕೆಯಲ್ಲಿದೆ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ್ದು. ಒಬ್ಬರ 10 ಪ್ರಬಂಧಗಳಲ್ಲಿ 5 ಮಾತ್ರ ತಲಾ ಕನಿಷ್ಠ 5 ಬಾರಿ ಉಲ್ಲೇಖಗೊಂಡು, ಉಳಿದವು ಅದಕ್ಕಿಂತ ಕಡಿಮೆ ಬಾರಿ ಉಲ್ಲೇಖಗೊಂಡಿದ್ದರೆ ಸೂಚ್ಯಂಕ 5. ಒಂದೇ ಪ್ರಬಂಧ 500 ಬಾರಿ ಉಲ್ಲೇಖಗೊಂಡು ಉಳಿದವು ಯಾರ ಕಣ್ಣಿಗೂ ಬೀಳದಿದ್ದರೆ ಸೂಚ್ಯಂಕ ಬರೀ 1. ಅಭ್ಯರ್ಥಿಗಳು ಎಡವುವುದು ಇಲ್ಲೇ.

ಮರುಳಸಿದ್ಧಯ್ಯನವರು ಸಮಾಜಕಾರ್ಯದ ಪುಸ್ತಕಗಳನ್ನು ಕನ್ನಡದಲ್ಲೂ ಬರೆದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅವು ಆಸರೆಯಾದವು. ಇಂಗ್ಲಿಷ್ ನಿಯತಕಾಲಿಕಗಳನ್ನೇ ಮುಖ್ಯವಾಗಿ ಎಣಿಸುವ ಉಲ್ಲೇಖ ಕೋಶಗಳಲ್ಲಿ ಇಂಥ ಪ್ರಭಾವ ಕಾಣಿಸಿಕೊಳ್ಳುವುದು ಕಷ್ಟ.

ಜೊತೆಗೆ ಓದಿಕೊಳ್ಳಿ: ಭಾರತದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬೈಯಲ್ಲಿ ಆರಂಭವಾಯಿತು, ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದೇ.