ನೀಟ್ ಬರೆಯುವವರಿಗೆ ಗಣಿತ ಬೇಕೇ? ಒಂದು ಜಮಾ-ಖರ್ಚಿನ ಲೆಕ್ಕ

ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಇದೊಂದೇ ಮಾತು. ಎಸ್‌ಎಸ್‌ಎಲ್‌ಸಿ ಮುಗಿಸಿದ ತಂಗಿಗೆ ಡಾಕ್ಟರ್ ಆಗುವ ಆಸೆ, ಗಣಿತವೆಂದರೆ ಭಯ. "ಆಪಾ, ನೀಟ್‌ನಲ್ಲಿ ಗಣಿತವೇ ಇಲ್ಲ. ಪಿಸಿಎಂಬಿ ಯಾಕೆ? ಗಣಿತದ ಬದಲು ಗೃಹ ವಿಜ್ಞಾನ ತಗೊಳ್ತೀನಿ" ಎಂದಳು. ಅಬ್ಬಾ ಒಪ್ಪಲಿಲ್ಲ. ಅಮ್ಮಿ ನನ್ನ ಕಡೆ ನೋಡಿದರು. ನಾನು ಕಾಮರ್ಸ್ ವಿದ್ಯಾರ್ಥಿನಿ. ಹಾಳೆಯ ಮಧ್ಯೆ ಗೆರೆ ಎಳೆದು ಲೆಕ್ಕ ಬರೆಯಲು ಕುಳಿತೆ.

ಮೊದಲು ನಿಯಮ. ಎಂಬಿಬಿಎಸ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ ಮತ್ತು ಇಂಗ್ಲಿಷ್ ಓದಿರಬೇಕು. ಗಣಿತ ಕಡ್ಡಾಯವಲ್ಲ. ಇಲ್ಲಿಗೆ ತಂಗಿಯ ಮಾತು ಸರಿ.

ಈಗ ಅಂಕಗಳು. ನೀಟ್‌ನ ಒಟ್ಟು ಅಂಕ 720. ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಲೆಕ್ಕಕ್ಕೆ ಹೆದರಿ ಭೌತಶಾಸ್ತ್ರವನ್ನು ಪೂರ್ತಿ ಬಿಟ್ಟರೆ, ಉಳಿದೆಲ್ಲ ಸರಿಯಾದರೂ 540ಕ್ಕೆ ನಿಲ್ಲಬೇಕು.

ಆಮೇಲೆ ಅವಳ ಮುಂದಿನ ಪಠ್ಯಪುಸ್ತಕಗಳನ್ನು ಪಕ್ಕದ ಮನೆಯಿಂದ ತಂದು ತಿರುವಿ ಹಾಕಿದೆವು. ಎಸೆದ ಚೆಂಡಿನ ದಾರಿ ಹೇಳಲು ಸೈನ್, ಕಾಸ್ ಬೇಕು. ಪಿಎಚ್ ಮೌಲ್ಯ ಕಂಡುಹಿಡಿಯಲು ಲಾಗರಿದಮ್ ಬೇಕು. ಜೀವಶಾಸ್ತ್ರದಲ್ಲೂ ಹಾರ್ಡಿ–ವೈನ್‌ಬರ್ಗ್ ಸೂತ್ರ ಬಂತು. ಅದು ಪಿ ಪ್ಲಸ್ ಕ್ಯು ಹೋಲ್ ಸ್ಕ್ವೇರ್. ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರವೇ. ತಂಗಿ ಸುಮ್ಮನಾದಳು. ಗಣಿತದ ಪೇಪರ್ ಬಿಡಬಹುದು, ಗಣಿತವನ್ನು ಬಿಡಲಾಗದು.

ಹಾಗಾದರೆ ಪಿಸಿಎಂಬಿಯೇ ಸರಿಯೇ? ನಮ್ಮ ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಎಂಬ ಪಾಠವಿದೆ: ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದು ಅವಕಾಶವೇ ಅದರ ನಿಜವಾದ ಬೆಲೆ. ಗಣಿತ ತೆಗೆದುಕೊಂಡರೆ ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಕಲಿಯುವ ಸಮಯ ಜೀವಶಾಸ್ತ್ರದ ಓದಿನಿಂದ ಹೋಗುತ್ತದೆ. ಗಣಿತ ಬಿಟ್ಟರೆ ನರ್ಸಿಂಗ್, ಫಾರ್ಮಸಿ ದಾರಿಗಳು ಉಳಿಯುತ್ತವೆ, ಎಂಜಿನಿಯರಿಂಗ್ ದಾರಿ ಮುಚ್ಚುತ್ತದೆ. ಸರ್ಕಾರಿ ಸೀಟು ಸಿಗದಿದ್ದರೆ ಖಾಸಗಿ ಕಾಲೇಜಿನ ಶುಲ್ಕ ಅಬ್ಬಾರ ಟೈಲರ್ ಅಂಗಡಿಯಿಂದ ಹುಟ್ಟುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹಾಳೆಯ ಮೇಲೆ ನಾನೇ ಬರೆದೆ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿದೆ. ನಾನು ಕಾಮರ್ಸ್ ಸೇರಿದ್ದು ಇಷ್ಟಪಟ್ಟಲ್ಲ, ಭೌತಶಾಸ್ತ್ರಕ್ಕೆ ಹೆದರಿ. ಈಗ ಕಾಮರ್ಸ್ ಇಷ್ಟವಾಗಿದೆ, ಅದು ನನ್ನ ಅದೃಷ್ಟ. ಆದರೆ ಆ ದಿನ ನನ್ನ ಬದಲು ನಿರ್ಧಾರ ಮಾಡಿದ್ದು ಭಯ.

ತೀರ್ಮಾನಕ್ಕೆ ಮೊದಲು ಮೂರು ವಾರ ಪರೀಕ್ಷೆ ಮಾಡಿದೆವು. ದಿನಕ್ಕೆ ಒಂದು ಗಂಟೆ ಹತ್ತನೇ ತರಗತಿಯ ತ್ರಿಕೋನಮಿತಿ, ವರ್ಗ ಸಮೀಕರಣ. ಮೊದಲ ವಾರ ಅತ್ತಳು. ಮೂರನೇ ವಾರ ನನ್ನ ತಪ್ಪನ್ನೇ ಹಿಡಿದಳು. ಪಿಸಿಎಂಬಿ ಫಾರ್ಮ್ ಅವಳೇ ತುಂಬಿದಳು.

ಎಲ್ಲರಿಗೂ ಇದೇ ಉತ್ತರವಲ್ಲ. ಮೂರು ವಾರದ ನಂತರವೂ ಗಣಿತ ಭಾರವೆನಿಸಿದರೆ, ಬೇರೆ ದಾರಿಗಳ ಆಸೆಯೂ ಇಲ್ಲದಿದ್ದರೆ, ಅದನ್ನು ಬಿಟ್ಟು ಆ ಸಮಯವನ್ನು ಜೀವಶಾಸ್ತ್ರಕ್ಕೆ ಕೊಡುವುದೂ ಜಾಣತನವೇ. ನಿಮ್ಮ ಮನೆಯಲ್ಲೂ ತಮ್ಮ ತಂಗಿಯರು ಈ ಪ್ರಶ್ನೆ ಕೇಳಬಹುದು. ಉತ್ತರ ಹೇಳುವ ಮೊದಲು ಒಂದು ಹಾಳೆ ಕೊಡಿ. ಗೆರೆ ಅವರೇ ಎಳೆಯಲಿ.