ಮ್ಯಾಗ್ನೆಟ್ ಸತ್ತಿರಲಿಲ್ಲ

ಗಿಟಾರ್ ಪಿಕಪ್ಪಿನ ಮ್ಯಾಗ್ನೆಟ್ ವಯಸ್ಸಾಗಿ ಸತ್ತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಹಾಗೆ ಹೇಳಿದವರು ಬೆಂಗಳೂರಿನ ಒಬ್ಬ ರಿಪೇರಿಯವರು. ಫ್ರೆಟ್ ಸವೆದಿದೆ ಎಂದು ಕೊಟ್ಟ ಗಿಟಾರ್ ವಾಪಸ್ ಬಂದಾಗ ಮಧ್ಯದ ಪಿಕಪ್ಪಿನ ದನಿಯೇ ಇಂಗಿಹೋಗಿತ್ತು. ಫೋನ್ ಮಾಡಿದರೆ, “ಹಳೇದಲ್ವಾ ಸಾರ್, ಮ್ಯಾಗ್ನೆಟ್ ಡೆಡ್ ಆಗಿದೆ. ಹೊಸ ಸೆಟ್ ಹಾಕಿಸ್ಬಿಡಿ” ಎಂದರು. ಕೊಡುವಾಗ ಚೆನ್ನಾಗಿ ನುಡಿಯುತ್ತಿದ್ದದ್ದು ಅವರ ಮೇಜಿನ ಮೇಲೆ ಮುದಿಯಾಯಿತೇ? ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಲು ಹೋದ ದಿನ ನಾನೇ ಕಣ್ಣಾರೆ ಕಂಡಿದ್ದೆ: ಬಿಚ್ಚಿದ ಪಿಕ್‌ಗಾರ್ಡನ್ನು ಮೂರೂ ಪಿಕಪ್ ಸಮೇತ, ರಾಶಿ ಹಾಕಿದ್ದ ಹಳೇ ವೂಫರ್‌ಗಳ ಬೆನ್ನ ಮೇಲೆ ಬೋರಲು ಹಾಕಿದ್ದರು. ಸ್ಪೀಕರಿನ ಆ ದಪ್ಪ ಮ್ಯಾಗ್ನೆಟ್ಟೇ ನನ್ನ ಪಿಕಪ್ಪಿನ ಬಲ ಕೆಡಿಸಿದ್ದು. ಇದನ್ನು ಅವರು ಇವತ್ತಿಗೂ ಒಪ್ಪಿಲ್ಲ.

ನನ್ನದು ಸ್ಟ್ರಾಟೋಕಾಸ್ಟರ್ ಮಾದರಿ. ಫೆಂಡರ್ ಕಂಪನಿ 1954ರಲ್ಲಿ ಹೊರತಂದ ವಿನ್ಯಾಸ. ಒಂದೊಂದು ಪಿಕಪ್ಪಿನಲ್ಲೂ ಆರು ಅಲ್ನಿಕೋ ಕಡ್ಡಿ, ಅವುಗಳ ಸುತ್ತ ಕೂದಲಿಗಿಂತ ದಪ್ಪವಿಲ್ಲದ ತಾಮ್ರದ ತಂತಿ ಸಾವಿರಾರು ಸುತ್ತು. ಆ ಕಾಲದ ಪಿಕಪ್‌ಗಳು ಎಪ್ಪತ್ತು ವರ್ಷದ ನಂತರವೂ ನುಡಿಯುತ್ತಿವೆ. ಅಲ್ಯುಮಿನಿಯಂ, ನಿಕ್ಕೆಲ್, ಕೋಬಾಲ್ಟ್, ಕಬ್ಬಿಣ ಸೇರಿದ ಈ ಲೋಹ ತನ್ನಷ್ಟಕ್ಕೆ ಬಲ ಬಿಟ್ಟುಕೊಡುವಂಥದ್ದಲ್ಲ. ಆದರೆ ಬೇರೊಂದು ಗಟ್ಟಿ ಮ್ಯಾಗ್ನೆಟ್ ಅಡ್ಡ ಬಂದರೆ ಸೋಲುತ್ತದೆ. ಎಷ್ಟು ಸುಲಭಕ್ಕೆ ಕೈಕೊಡುತ್ತದೋ ಅಷ್ಟೇ ಸುಲಭಕ್ಕೆ ಮತ್ತೆ ಕೈಹಿಡಿಯುತ್ತದೆ. ನಿಯೋಡೈಮಿಯಂ ಮ್ಯಾಗ್ನೆಟ್ ಎರಡಿದ್ದರೆ ಸಾಕು, ಫ್ಯಾಕ್ಟರಿಯ ಯಂತ್ರ ಬೇಡ.

ಮೊದಲು ಕಾಯಿಲ್ ನೋಡಿಕೊಳ್ಳಬೇಕು. ಮಲ್ಟಿಮೀಟರ್ ಇಟ್ಟರೆ 5.8 ಕಿಲೋ ಓಮ್ ತೋರಿಸಿತು, ಅಂದರೆ ವೈಂಡಿಂಗ್ ಕ್ಷೇಮ. ಪಕ್ಕದ ಪಿಕಪ್ಪಿಗೆ ಗಬಕ್ಕನೆ ಅಂಟುವ ಸೇಫ್ಟಿ ಪಿನ್ ಇದರ ಮೇಲೆ ನಿಲ್ಲದೆ ಜಾರುತ್ತಿತ್ತು. ರೋಗ ಯಾವುದೆಂದು ತಿಳಿಯಲು ಇನ್ನೇನು ಬೇಕು?

ನಿಜವಾದ ಎಚ್ಚರಿಕೆ ಬೇಕಾದದ್ದು ಧ್ರುವದ ವಿಷಯದಲ್ಲಿ. ಇಂಥ ಬಹಳಷ್ಟು ಗಿಟಾರುಗಳಲ್ಲಿ ಮಧ್ಯದ ಪಿಕಪ್ಪಿನ ಕಾಯಿಲನ್ನು ಉಳಿದೆರಡಕ್ಕೆ ತಿರುಗುಮುರುಗಾಗಿ ಸುತ್ತಿರುತ್ತಾರೆ, ಮ್ಯಾಗ್ನೆಟ್ಟನ್ನೂ ತಲೆಕೆಳಗು ಮಾಡಿರುತ್ತಾರೆ. ಎರಡು ಪಿಕಪ್ ಜೊತೆಯಾಗಿ ನುಡಿಯುವಾಗ ಕರೆಂಟಿನ 50 ಹರ್ಟ್ಸ್ ಗುಂಯ್‌ಗಾಟ ಒಂದಕ್ಕೊಂದು ವಜಾ ಆಗಿ, ತಂತಿಯ ದನಿ ಮಾತ್ರ ಉಳಿಯಲಿ ಎಂದು ಈ ಏರ್ಪಾಟು. ಮ್ಯಾಗ್ನೆಟ್ಟಿಗೆ ಮತ್ತೆ ಬಲ ತುಂಬುವಾಗ ಧ್ರುವ ಅದಲುಬದಲಾದರೆ ತಂತಿಯ ದನಿಯೂ ವಜಾ ಆಗುತ್ತದೆ; ನೆಗಡಿಯಾದವರು ಮೂಗಿನಲ್ಲಿ ಹಾಡಿದಂತೆ ಕೇಳುತ್ತದೆ. ರಸಮಂಜರಿಯಲ್ಲಿ ಹಳೇ ಚಿತ್ರಗೀತೆಗಳ ಲೀಡ್‌ಗೆ ನಾನು ಬಳಸುವುದೇ ಆ ಜೋಡಿಯನ್ನು. ಗಣೇಶನ ಹಬ್ಬ ಬೇರೆ ಹತ್ತಿರ ಬಂದಿತ್ತು.

ದಿಕ್ಸೂಚಿ ಹಿಡಿದೆ. ಪಕ್ಕದ ಎರಡೂ ಪಿಕಪ್ಪಿನ ತಲೆ ಮುಳ್ಳಿನ ಕೆಂಪು ತುದಿಯನ್ನು ಸೆಳೆಯಿತು, ಅಂದರೆ ಅಲ್ಲಿ ದಕ್ಷಿಣ ಧ್ರುವ. ಮಧ್ಯದ್ದರಲ್ಲಿ ಒಂದು ಕಡ್ಡಿ ಸೆಳೆದರೆ ಇನ್ನೊಂದು ತಳ್ಳುತ್ತಿತ್ತು. ವೂಫರ್ ಅಷ್ಟು ಕೆಡಿಸಿತ್ತು. ಹಾಗಾಗಿ ಪಕ್ಕದವನ್ನೇ ಸಾಕ್ಷಿಯಾಗಿಟ್ಟುಕೊಂಡು, ಇದರ ತಲೆಗೆ ಉತ್ತರ ಧ್ರುವ ಬರಬೇಕೆಂದು ಪೆನ್ನಿನಲ್ಲಿ ಗುರುತು ಹಾಕಿದೆ.

ಎರಡು ಮ್ಯಾಗ್ನೆಟ್ಟನ್ನು ಎದುರುಬದುರು ಹಿಡಿದಿಡಲು ವೈಸ್ ಬೇಕು. ಅದು ಇದ್ದದ್ದು ದಾವಣಗೆರೆಯಲ್ಲಿ, ಭಾವನ ಲೇತ್ ವರ್ಕ್‌ಶಾಪಿನಲ್ಲಿ. ಭಾವ ಹಳೇ ಹಾರ್ಡ್ ಡಿಸ್ಕ್ ಒಡೆದು ಅದರೊಳಗಿನ ಮ್ಯಾಗ್ನೆಟ್ ತೆಗೆದುಕೊಟ್ಟರು, “ಇದ್ಕಿಂತ ಪವರ್ ಬೇಕೇನೋ?” ಎಂದರು. ಪವರ್ ಇದೆ ನಿಜ. ಆದರೆ ಅವುಗಳ ಒಂದೇ ಮುಖದಲ್ಲಿ ಅರ್ಧ ಉತ್ತರ, ಅರ್ಧ ದಕ್ಷಿಣ ಇರುತ್ತದೆ. ಅದರಲ್ಲಿ ತುಂಬಿದ್ದರೆ ಆರು ಕಡ್ಡಿ ಆರು ದಾರಿ ಹಿಡಿಯುತ್ತಿದ್ದವು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದ ಚೌಕಾಕಾರದ ನಿಯೋಡೈಮಿಯಂ ತುಂಡುಗಳನ್ನೇ ವೈಸಿನ ಎರಡು ದವಡೆಗೆ ಅಂಟಿಸಿದೆ, ವಿರುದ್ಧ ಧ್ರುವಗಳು ಎದುರುಬದುರಾಗುವಂತೆ. ವೈಸಿನ ಉಕ್ಕಿನ ಮೈಯೇ ಕಾಂತಬಲ ಸುತ್ತಿ ಬರಲು ದಾರಿಯಾಗಿ, ನಡುವಿನ ಸಂದಿಯಲ್ಲಿ ಬಲ ಹೆಚ್ಚುತ್ತದೆ. ಪಿಕಪ್ಪಿಗಿಂತ ಎರಡು ಮಿಲಿಮೀಟರ್ ದಪ್ಪವಿರುವ ಮರದ ತುಂಡನ್ನು ಸಂದಿಯ ತಳಕ್ಕೆ ಕೊಟ್ಟಿದ್ದೆ. ವೈಸ್ ಬಿಗಿಯುತ್ತಾ ಬಂದಂತೆ ಸ್ಕ್ರೂನಲ್ಲಿದ್ದ ಸಡಿಲವನ್ನೂ ಮ್ಯಾಗ್ನೆಟ್ ಎಳೆದುಕೊಂಡಿತು. ಮುಂದಿನ ದವಡೆ ‘ಟಕ್’ ಎಂದು ತಾನಾಗಿ ಜಿಗಿದು ಮರಕ್ಕೆ ಬಡಿಯಿತು. ಮರ ಇರದಿದ್ದರೆ ಅಲ್ಲಿ ನನ್ನ ಬೆರಳಿರುತ್ತಿತ್ತು.

ಕವರ್ ತೆಗೆದ ಪಿಕಪ್ಪನ್ನು, ಉತ್ತರ ಬರಬೇಕಾದ ತಲೆಯನ್ನು ದಕ್ಷಿಣ ಧ್ರುವದ ಕಡೆಗೆ ಮಾಡಿ, ಸಂದಿಯೊಳಕ್ಕೆ ಪಕ್ಕದಿಂದ ತೂರಿಸಿದೆ. ಮೊದಲ ಕಡ್ಡಿ ಒಳಗೆ ಹೋಗುತ್ತಲೇ ಕೈ ನಡುಗುವಷ್ಟು ಸೆಳೆತ. ಮೂರನೆಯ ಕಡ್ಡಿಯ ಹೊತ್ತಿಗೆ ಇಡೀ ಪಿಕಪ್ ನನ್ನ ಹಿಡಿತ ಬಿಡಿಸಿಕೊಂಡು ಹಿಂದಿನ ಮ್ಯಾಗ್ನೆಟ್ಟಿಗೆ ಪಟ್ಟನೆ ಕಚ್ಚಿಕೊಂಡಿತು. ಉಸಿರು ನಿಂತಂತಾಯಿತು. ಈ ಬಗೆಯ ಪಿಕಪ್ಪಿನಲ್ಲಿ ತಂತಿಯನ್ನು ನೇರ ಕಡ್ಡಿಗಳ ಮೇಲೆಯೇ ಸುತ್ತಿರುವುದುಂಟು. ಎದುರು ದಿಕ್ಕಿಗೆ ಜಗ್ಗಿದರೆ ಕಡ್ಡಿ ಮ್ಯಾಗ್ನೆಟ್ಟಿನಲ್ಲೇ ಉಳಿದು ಉಳಿದ ಭಾಗ ಮಾತ್ರ ಕೈಗೆ ಬರಬಹುದು. ಕಡ್ಡಿ ಕೂದಲೆಳೆಯಷ್ಟು ಜಾರಿದರೂ ಒಳಸುತ್ತು ಹರಿದು ಪಿಕಪ್ ನಿಜವಾಗಿಯೂ ಸಾಯುತ್ತದೆ. “ಜಗ್ಗಲೇ, ಜಗ್ಗು!” ಎಂದು ಭಾವ ಕಿರುಚುತ್ತಾ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಮೀಟಲು ಬಂದರು. ಉಕ್ಕಿನ ಸ್ಕ್ರೂಡ್ರೈವರ್! ಅದರ ಮೂತಿ ಆಗಲೇ ಮ್ಯಾಗ್ನೆಟ್ಟಿನ ಕಡೆ ಬಾಗುತ್ತಿತ್ತು, ಬೆತ್ತಲೆ ತಾಮ್ರದ ಸುತ್ತಿಗೆ ಒಂದು ಬೆರಳಿನ ಅಂತರ. “ಭಾವ, ಬ್ಯಾಡ!” ಎಂದು ಎಡಗೈಯಲ್ಲಿ ಅವರ ಮಣಿಕಟ್ಟು ಹಿಡಿದುಕೊಂಡೆ. ಲೇತ್ ನಡೆಸಿ ಪಳಗಿದ ಆ ತೋಳನ್ನು ತಡೆದು ನಿಲ್ಲಿಸುವುದು ಸುಲಭವಿರಲಿಲ್ಲ. ಹಿರಿಯರು, ಒಳ್ಳೆಯ ಮನುಷ್ಯ. ಆದರೆ ಅವತ್ತು ಆ ಆತುರಕ್ಕೆ ನನ್ನ ಗಿಟಾರ್ ಬಲಿಯಾಗುವುದರಲ್ಲಿತ್ತು, ಅದನ್ನು ಹೇಳದೆ ಇರಲಾರೆ.

ಐಸ್‌ಕ್ರೀಂ ಕಡ್ಡಿಯೊಂದನ್ನು ಪಿಕಪ್ಪಿನ ತಳದ ಹಲಗೆಯ ಅಂಚಿಗೆ ಒತ್ತಿ, ಎದುರಿಗೆ ಎಳೆಯದೆ, ಬಂದ ದಾರಿಯುದ್ದಕ್ಕೆ ಮುಂದಕ್ಕೇ ಜಾರಿಸಿದೆ. ಒಂದಿಷ್ಟೂ ತಿರುಗಿಸಲಿಲ್ಲ, ಓರೆ ಮಾಡಲಿಲ್ಲ. ಸಂದಿಯಿಂದ ಗೇಣುದ್ದ ದೂರ ಬಂದ ಮೇಲೆಯೇ ಕೈ ಸಡಿಲಿಸಿದ್ದು. ಮಲ್ಟಿಮೀಟರ್ ಮತ್ತೆ ಅದೇ 5.8 ತೋರಿಸಿದಾಗ ಭಾವನೂ ಕುರ್ಚಿಯಲ್ಲಿ ಕುಸಿದು ಕೂತರು. ಸೇಫ್ಟಿ ಪಿನ್ ಆರೂ ಕಡ್ಡಿಯ ಮೇಲೆ ನೆಟ್ಟಗೆ ನಿಂತಿತು. ದಿಕ್ಸೂಚಿಯ ಕೆಂಪು ತುದಿಯನ್ನು ಆರೂ ತಳ್ಳಿದವು.

ಮಾಡುವವರಿಗೆ ನಾಲ್ಕು ಮಾತು. ದಿಕ್ಸೂಚಿಯನ್ನು ನಿಯೋಡೈಮಿಯಂ ಹತ್ತಿರ ಒಯ್ಯಬೇಡಿ, ಅದರ ಮುಳ್ಳಿನ ಧ್ರುವವೇ ತಿರುಗಿ ಸುಳ್ಳು ಹೇಳತೊಡಗುತ್ತದೆ. ಲೇತ್ ಇರುವಲ್ಲಿ ಕಬ್ಬಿಣದ ಪುಡಿ ಮ್ಯಾಗ್ನೆಟ್ಟಿಗೆ ಮುತ್ತಿಕೊಳ್ಳುತ್ತದೆ. ಟೇಪ್ ಒತ್ತಿ ಕಿತ್ತು ತೆಗೆಯಿರಿ, ಕಾಯಿಲಿಗೂ ಒಂದು ಸುತ್ತು ಟೇಪ್ ಹಾಕಿ. ಪೇಸ್‌ಮೇಕರ್ ಇರುವವರು ಆ ಕೋಣೆಗೇ ಬರಬಾರದು. ಕಡಿಮೆ ಬೆಲೆಯ ಪಿಕಪ್ಪಿನ ತಳದಲ್ಲಿರುವ ಕಪ್ಪು ಫೆರೈಟ್ ಪಟ್ಟಿಗೆ ಇದಕ್ಕಿಂತ ಬಹಳ ಹೆಚ್ಚಿನ ಬಲ ಬೇಕು, ವೈಸಿನಲ್ಲಿ ಪೂರ್ತಿ ತುಂಬುವುದಿಲ್ಲ.

ಬಲ ತುಂಬಿದ ಪಿಕಪ್ ಹಳೆಯ ಎತ್ತರದಲ್ಲೇ ಇದ್ದರೆ ದಪ್ಪ ತಂತಿಯನ್ನು ಎಳೆದು ಶ್ರುತಿ ಓಲಾಡಿಸುತ್ತದೆ. ನನ್ನದರಲ್ಲೂ ಆರನೆಯ ತಂತಿ ಹಾಗೆ ಮಾಡಿತು. ಆ ಬದಿಯ ಸ್ಕ್ರೂ ತಿರುಗಿಸಿ ಪಿಕಪ್ಪನ್ನು ತುಸು ಕೆಳಗಿಳಿಸಿದ ಮೇಲೆ ಸರಿಹೋಯಿತು. ಹೊಸ ಸೆಟ್ ಕೊಳ್ಳಲಿಲ್ಲ. ಹಬ್ಬದ ಪೆಂಡಾಲುಗಳಲ್ಲೆಲ್ಲ ಇದೇ ಪಿಕಪ್ಪಿನಲ್ಲಿ ನುಡಿಸಿದೆ.